ಕೊಚ್ಚಿಯಲ್ಲಿ ನಾನು ಬಿಟ್ಟ ಕಸೆ

ಕೊಚ್ಚಿ, ನೀರಿನಂಚಿನ ಗೋದಾಮು

ರ‍್ಯಾಂಪಿನ ಮೇಲೆ ಗತ್ತಿನಿಂದ ನಡೆಯುವ ಹುಡುಗಿಯರ ಬೂಟುಗಳು ಅವರ ಕಾಲಿನ ಅಳತೆಯವಲ್ಲ. ಕೊಚ್ಚಿಯಲ್ಲಿ ನನಗಾದ ಮೊದಲ ಆಘಾತ ಇದು. ಎಲ್ಲರಿಗೂ ಒಂದೇ ಅಳತೆಯ ಬೂಟು ತಂದಿಟ್ಟಿರುತ್ತಾರೆ. ಕಾಲು ಚಿಕ್ಕದಿದ್ದವರು ಮುಂದಕ್ಕೆ ಹತ್ತಿ ತುರುಕಿಕೊಳ್ಳುತ್ತಾರೆ, ದೊಡ್ಡದಿದ್ದವರು ಹಲ್ಲು ಕಚ್ಚಿಕೊಂಡು ನಡೆಯುತ್ತಾರೆ. ಧಾರವಾಡದ ನನ್ನ ಕೋಣೆಯಲ್ಲಿ ಕುಳಿತು ಆರು ವರ್ಷದಿಂದ ಉಡುಗೆ ತೊಡುಗೆಯ ಬಗ್ಗೆ ಬ್ಲಾಗ್ ಬರೆಯುತ್ತಿರುವ ನಾನು, ಆ ಹಲ್ಲು ಕಚ್ಚಿದ ಮುಖಗಳನ್ನು ‘ಗಂಭೀರ ಸೌಂದರ್ಯ’ ಎಂದು ಎಷ್ಟು ಸಲ ಹೊಗಳಿದ್ದೇನೋ ಲೆಕ್ಕವಿಲ್ಲ.

ನನ್ನನ್ನು ಕರೆದಿದ್ದವರು ಷೀಜಾ ಎಂಬ ವಸ್ತ್ರವಿನ್ಯಾಸಕಿ. ಕೇರಳದವರ ಜರಿಯಂಚಿನ ಕೆನೆಬಣ್ಣದ ಕೈಮಗ್ಗದ ಬಟ್ಟೆ ಇದೆಯಲ್ಲ, ಅದರಲ್ಲಿ ಹೊಸ ಕಾಲದ ಉಡುಪು ಮಾಡುತ್ತಾರೆ. ಶನಿವಾರ ಕೊಚ್ಚಿಯಲ್ಲಿ ಒಂದು ಷೋ, ಮಂಗಳವಾರ ತಿರುವನಂತಪುರದಲ್ಲಿ ಇನ್ನೊಂದು. ಎರಡಕ್ಕೂ ಮುಂದಿನ ಸಾಲಿನ ಕುರ್ಚಿ, ಜೊತೆಗೆ ತೆರೆಯ ಹಿಂದೆ ಹೋಗಲು ಕೊರಳಿಗೆ ಹಾಕಿಕೊಳ್ಳುವ ಪಾಸು. ತಿರುವನಂತಪುರದಲ್ಲಿ ನಮ್ಮ ಕಾಕಾ ಇರುವುದರಿಂದ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಕೇರಳಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ ನಿಜ. ಆದರೆ ಬಸ್ಸಿನ ಬೋರ್ಡು ಓದಲು ಬಾರದ ಊರು ನನ್ನ ಪಾಲಿಗೆ ಪರದೇಶವೇ.

ಭಾಷೆಯ ಬಗ್ಗೆ ಮಾತ್ರ ನನಗೆ ಚಿಂತೆ ಇರಲಿಲ್ಲ. ರೈಲಿನಲ್ಲಿ ಪಕ್ಕದ ಸೀಟಿನಾಕೆಯನ್ನು ಕೇಳಿ ನಮ್ಮ ಕಸುಬಿನ ಮಾತುಗಳನ್ನು ಕಲಿತುಕೊಂಡಿದ್ದೆ. ನೂಲಿಗೆ ನೂಲ್, ಸೂಜಿಗೆ ಸೂಚಿ, ಉಡುಪಿಗೆ ಉಡುಪ್ಪ್. ಇದರಲ್ಲಿ ಕಲಿಯುವುದೇನಿದೆ! ಅರ್ಧ ಮಲಯಾಳ ಹುಟ್ಟುತ್ತಲೇ ಬಂದಿದೆ ಎಂದುಕೊಂಡು ಕೊಚ್ಚಿಯ ಎರ್ನಾಕುಲಂ ನಿಲ್ದಾಣದಲ್ಲಿ ಇಳಿದೆ.

ಷೋ ನಡೆಯಬೇಕಿದ್ದದ್ದು ನೀರಿನಂಚಿನ ಒಂದು ಹಳೆಯ ಗೋದಾಮಿನಲ್ಲಿ. ಗೋಡೆಗೆ ಇನ್ನೂ ಒಣಶುಂಠಿಯ ವಾಸನೆ ಅಂಟಿಕೊಂಡಿತ್ತು. ಕಿಟಕಿಯಾಚೆ ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಂಟೇನರ್‌ಗಳನ್ನು ಎತ್ತಿ ಇಡುತ್ತಿದ್ದವು. ಒಳಗೆ ಮೇಜಿನ ಮೇಲೆ ಜಗ್ಗಿನ ತುಂಬ ಗುಲಾಬಿ ಬಣ್ಣದ ನೀರು. ಪಕ್ಕದಲ್ಲೇ ಬಟ್ಟೆಗಳಿದ್ದವು. ಯಾವುದೋ ಸೀರೆ ಬಣ್ಣ ಬಿಟ್ಟಿದೆ ಎಂದುಕೊಂಡೆ. ಜಗ್ಗನ್ನು ಎತ್ತಿಕೊಂಡು ಷೀಜಾ ಬಳಿ ಓಡಿದೆ. ಅವರು ಅದನ್ನು ಲೋಟಕ್ಕೆ ಬಗ್ಗಿಸಿ ಗಟಗಟ ಕುಡಿದು, “ಥ್ಯಾಂಕ್ಯೂ” ಎಂದರು. ಇಲ್ಲಿಯವರು ಕುಡಿಯುವ ನೀರನ್ನು ಯಾವುದೋ ಮರದ ಚಕ್ಕೆ ಹಾಕಿ ಕುದಿಸುತ್ತಾರಂತೆ, ಅದಕ್ಕೆ ಆ ಬಣ್ಣ. ಅರ್ಧ ಮಲಯಾಳ ಬಂದವಳಿಗೆ ನೀರು ಯಾವುದು ಎಂದೇ ಗೊತ್ತಾಗಲಿಲ್ಲ. ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು.

ತೆರೆಯ ಹಿಂದೆ

ತೆರೆಯ ಹಿಂದೆ ಕನ್ನಡಿಗಳ ಸಾಲು, ಸುಗಂಧ, ಮೆಲುಮಾತು ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ನಮ್ಮೂರ ಮದುವೆಮನೆಯ ಹೆಣ್ಣಿನ ಕಡೆಯ ಕೋಣೆ. ಒಬ್ಬಳ ಪಿನ್ನು ಕಳೆದಿದೆ, ಇನ್ನೊಬ್ಬಳು ಯಾವುದಕ್ಕೋ ಅಳುತ್ತಿದ್ದಾಳೆ, ಮತ್ತೊಬ್ಬಳಿಗೆ ಹಸಿವು. ಮುಡಿಗೆ ಬಂಗಾರದ ಪುಡಿ ಹಚ್ಚಿಸಿಕೊಂಡ ರೂಪದರ್ಶಿಯೊಬ್ಬಳು ಹೂವಿನ ನೈಟಿಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತಿನ್ನುತ್ತಿದ್ದಳು. ಹೆಸರು ನಿಮ್ಮಿ. ಕೊನೆಯ ಉಡುಪು, ಎಲ್ಲಕ್ಕಿಂತ ಮುಖ್ಯವಾದದ್ದು, ಅವಳದು. ಇನ್ನೊಬ್ಬಳ ಉಡುಪಿನ ಬೆನ್ನಿಗೆ ಕಾಗದಕ್ಕೆ ಹಾಕುವ ಕಪ್ಪು ಕ್ಲಿಪ್ಪುಗಳು. ಮುಂದಿನಿಂದ ನೋಡಿದರೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕೂತಿತ್ತು. ನಾನು ಹಿಂದಿನಿಂದ ನೋಡಿ ಬಾಯಿ ಬಿಟ್ಟುಕೊಂಡು ನಿಂತೆ.

ಆ ಗದ್ದಲದ ನಡುವೆ ಒಬ್ಬರು ಮಾತ್ರ ಗದ್ದಲ ಮಾಡುತ್ತಿರಲಿಲ್ಲ. ಲೀಲಾ ಚೇಚಿ. ಚೇಚಿ ಎಂದರೆ ಅಕ್ಕ. ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ನೂಲು ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಬಾಲರಾಮಪುರದ ಹತ್ತಿರದ ತಮ್ಮ ಮನೆಯಲ್ಲಿ ಅಷ್ಟೂ ಉಡುಪುಗಳನ್ನು ಹೊಲಿದವರು ಅವರೇ. ರ‍್ಯಾಂಪಿಗೆ ಹೋಗುವ ಬಾಗಿಲಲ್ಲಿ ನಿಂತು ಪ್ರತಿ ಉಡುಪನ್ನೂ ಕೊನೆಯ ಸಲ ಮುಟ್ಟಿ ನೋಡಿ ಕಳಿಸುವ ಜವಾಬ್ದಾರಿಯೂ ಅವರದೇ. “ಇಷ್ಟು ವರ್ಷ ಹೊಲಿದು ಮಡಚಿ ಕೊಟ್ಟಿದ್ದಾರೆ. ತಾವು ಹೊಲಿದದ್ದು ನಡೆದು ಹೋಗುವುದನ್ನು ಇವತ್ತೇ ನೋಡೋದು” ಎಂದು ಷೀಜಾ ಇಂಗ್ಲಿಷಿನಲ್ಲಿ ಹೇಳಿದರು. ಲೀಲಾ ಚೇಚಿಗೆ ಇಂಗ್ಲಿಷ್ ಬಾರದು. ಆದರೂ ತಮ್ಮ ಬಗ್ಗೆಯೇ ಮಾತು ಎಂದು ತಿಳಿದು ಸೆರಗು ಸರಿಮಾಡಿಕೊಂಡರು.

ಅಂದು ಖಾಸಗಿ ಬಸ್ಸುಗಳ ಮುಷ್ಕರ. ಉಡುಪು ತೊಡಿಸಲು ಬರಬೇಕಿದ್ದ ಇಬ್ಬರು ಬರಲಿಲ್ಲ. ಷೀಜಾ ನನ್ನ ಕಡೆ ತಿರುಗಿ, “ಸೀರೆ ಬಗ್ಗೆ ಅಷ್ಟೆಲ್ಲ ಬರೀತೀರಿ, ಸ್ವಲ್ಪ ಕೈ ಹಚ್ಚಿ” ಎಂದರು. ನಾನು ಉಬ್ಬಿಹೋದೆ. ಲೀಲಾ ಚೇಚಿ ಸೇಫ್ಟಿ ಪಿನ್ನುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಸರವನ್ನು ತಮ್ಮ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. ಮುಂದಿನ ಸಾಲಿನ ಕುರ್ಚಿಯನ್ನು ನಾನು ಮರೆತೇಬಿಟ್ಟೆ.

ನಿಮ್ಮಿಯ ಉಡುಪಿಗೆ ಜಿಪ್ಪಿಲ್ಲ, ಗುಂಡಿಯಿಲ್ಲ. ಹಸುಗೂಸಿನ ಅಂಗಿಗೆ ಇರುತ್ತದಲ್ಲ, ಅಂಥ ಒಂದು ಜೊತೆ ಕಸೆ, ಬೆನ್ನಿನ ನಡುವೆ. ಇಡೀ ಉಡುಪು ನಿಲ್ಲುವುದು ಅದರ ಮೇಲೆ. ನಿಮ್ಮಿ ಬಾಗಿಲಿಗೆ ಬಂದಾಗ ಲೀಲಾ ಚೇಚಿ ಕೆಳಗೆ ಕುಳಿತು ಅವಳ ಅಂಚಿಗೆ ಪಿನ್ನು ಹಾಕುತ್ತಿದ್ದರು, ಬಾಯಲ್ಲೂ ಪಿನ್ನುಗಳಿದ್ದವು. ಕಣ್ಣಿನಲ್ಲೇ ನನಗೆ ಕಸೆ ತೋರಿಸಿದರು. ನಾನು ಎರಡೂ ತುದಿ ಹಿಡಿದು ಒಂದು ಸುತ್ತು ಹಾಕಿದೆ. ಅಷ್ಟರಲ್ಲಿ ಹಾಡು ಬದಲಾಯಿತು. ಲೀಲಾ ಚೇಚಿ ಬಾಯಿಂದ ಪಿನ್ನು ತೆಗೆದು ಕೂಗಿದರು.

“ಕೆಟ್ಟ್! ಕೆಟ್ಟ್!”

ಕೆಟ್ಟಿತು ಎಂದು ನನಗೆ ಕೇಳಿಸಿತು. ಧಾರವಾಡದವರ ಕಿವಿಗೆ ಬೇರೆ ಹೇಗೆ ಕೇಳಿಸಬೇಕು? ನೋಡಿದರೆ ಬೆನ್ನಿನ ಬಟ್ಟೆಯಲ್ಲಿ ಒಂದು ಮಡಿಕೆ ಓರೆಯಾಗಿತ್ತು. ಅದನ್ನೇ ಹೇಳುತ್ತಿದ್ದಾರೆ, ನಾನು ಕೆಡಿಸಿದೆ, ಅವರೇ ಬಂದು ಸರಿ ಮಾಡುತ್ತಾರೆ ಎಂದುಕೊಂಡು ಬಿಸಿ ಪಾತ್ರೆ ಬಿಟ್ಟಂತೆ ಎರಡೂ ಕೈ ಬಿಟ್ಟೆ. ಅವರು ಇನ್ನೂ ಜೋರಾಗಿ “ಕೆಟ್ಟ್!” ಎಂದರು. ನಾನು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಮೇಲ್ವಿಚಾರಕಿ ನಿಮ್ಮಿಯ ಹೆಗಲು ಮುಟ್ಟಿ ಬೆಳಕಿನೊಳಕ್ಕೆ ಕಳಿಸಿಬಿಟ್ಟಳು.

ಬಾಗಿಲ ಪಕ್ಕದ ಸಣ್ಣ ಟಿವಿಯಲ್ಲಿ ಎಲ್ಲವೂ ಕಂಡಿತು. ಹತ್ತು ಹೆಜ್ಜೆ ಚೆನ್ನಾಗಿ ಹೋದಳು. ಆಮೇಲೆ ಬೆನ್ನು ಬಿಚ್ಚಿಕೊಂಡಿತು. ಉಡುಪು ಹೆಗಲಿಂದ ಜಾರಿತು. ಅವಳು ಎರಡೂ ಕೈಯಲ್ಲಿ ಎದೆಯ ಬಳಿ ಬಟ್ಟೆಯನ್ನು ಅವುಚಿ ಹಿಡಿದು ಕೊನೆಯವರೆಗೂ ನಡೆದು, ತಿರುಗಿ, ಅಷ್ಟೂ ದಾರಿ ವಾಪಸು ನಡೆದು ಬಂದಳು. ಸಭೆಯಲ್ಲಿ ಫೋನುಗಳು ಮೇಲೆದ್ದವು. ನಿಮ್ಮಿ ಒಳಗೆ ಬಂದವಳೇ ಗೋಡೆಗೆ ಮುಖ ಮಾಡಿ ಕುಳಿತಳು. ಷೀಜಾ ಲೀಲಾ ಚೇಚಿಯ ಎದುರು ನಿಂತು ಮಲಯಾಳದಲ್ಲಿ ಕಿರುಚುತ್ತಿದ್ದರು. ಲೀಲಾ ಚೇಚಿ ಒಮ್ಮೆ ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ತಪ್ಪು ಅವರದೇ, ಅದಕ್ಕೇ ಮಾತಿಲ್ಲ ಎಂದು ನಾನು ತೀರ್ಮಾನ ಮಾಡಿದೆ.

ರೈಲಿನಲ್ಲಿ

ಮರುದಿನ ಬೆಳಿಗ್ಗೆ ತಿರುವನಂತಪುರದ ರೈಲಿನಲ್ಲಿ ಕುಳಿತು ಬ್ಲಾಗ್ ಬರೆದೆ. ಕಣ್ಣೆದುರೇ ಅಂಥದ್ದು ನಡೆದಾಗ ಬರೆಯುವವಳಿಗೆ ಕೈ ತುರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಕನ್ನಡದಲ್ಲಿ ಉದ್ದಕ್ಕೆ ಬರೆದೆ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ‘ಚಂದದ ಬಟ್ಟೆ, ಕೆಟ್ಟ ಹೊಲಿಗೆ’ ಎಂದು ಹೆಸರಿಟ್ಟೆ. ‘ಉಡುಪು ಕೆಟ್ಟಿದೆ ಎಂದು ಬಾಗಿಲಲ್ಲಿ ನಿಂತ ಹೊಲಿಗೆಯಾಕೆಯೇ ಕೂಗಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಗೊತ್ತಿದ್ದೂ ಆ ಹುಡುಗಿಯನ್ನು ಬೆಳಕಿಗೆ ಕಳಿಸಿದರು’ ಎಂಬ ಸಾಲು ನನಗೇ ಬಹಳ ಹಿಡಿಸಿತು. ಕೊಲ್ಲಂ ದಾಟುವುದರೊಳಗೆ ಜನ ಹಂಚಿಕೊಳ್ಳಲು ಶುರುಮಾಡಿದ್ದರು. ನನ್ನ ಬರಹ ಅಷ್ಟು ಓಡಿದ್ದು ಅದೇ ಮೊದಲು. ಚಹಾದವನನ್ನು ಕರೆದು ಎರಡನೆಯ ಚಹಾ ಕುಡಿದೆ.

ಪಟ್ಟಂ

ಕಾಕಾ ಶ್ರೀಕಾರ್ಯಂ ಎಂಬಲ್ಲಿನ ಬೆಳೆ ಸಂಶೋಧನೆಯ ಕಚೇರಿಯಲ್ಲಿ ವಿಜ್ಞಾನಿ. ಮನೆ ಪಟ್ಟಂ ಎಂಬ ಬಡಾವಣೆಯ ಒಂದು ಫ್ಲ್ಯಾಟು. ಹನ್ನೆರಡು ವರ್ಷದಿಂದ ಇಲ್ಲೇ ಇದ್ದರೂ ಅವರ ಹೆಂಡತಿ, ನಮ್ಮ ಕಾಕು, ಇಂದಿಗೂ ರೊಟ್ಟಿ ಬಡಿಯುತ್ತಾರೆ. ನಾನು ಹೊತ್ತು ತಂದ ಜೋಳದ ಹಿಟ್ಟು ನೋಡಿ ನನಗಿಂತ ಅದನ್ನೇ ಮೊದಲು ಮಾತಾಡಿಸಿದರು. ಅವರ ಮಗಳು ಅನಘಾಗೆ ಹದಿನೈದು. ಕಾಕು ಕನ್ನಡದಲ್ಲಿ ಕೇಳುತ್ತಾರೆ, ಅವಳು ಮಲಯಾಳದಲ್ಲಿ ಹೇಳುತ್ತಾಳೆ. ಹನ್ನೆರಡು ವರ್ಷದಿಂದ ಆ ಮನೆ ಹೀಗೇ ನಡೆದಿದೆ, ಜಗಳ ಕೂಡ ಎರಡು ಭಾಷೆಯಲ್ಲಿ.

ಸೋಮವಾರ ಬೆಳಿಗ್ಗೆ ಅನಘಾ ಶಾಲೆಯ ಸಮವಸ್ತ್ರದಲ್ಲಿ ಬಂದು ನನಗೆ ಬೆನ್ನು ಹಾಕಿ ನಿಂತು, ರಿಬ್ಬನ್ನು ಹಿಂದಕ್ಕೆ ಚಾಚಿದಳು.

“ಚೇಚೀ, ಮುಡಿ ಒನ್ನು ಕೆಟ್ಟಿತ್ತರಾಮೋ?”

“ಛಲೋನ ಅದ ಅಲ್ಲ, ಎಲ್ಲಿ ಕೆಟ್ಟದ?” ಎಂದೆ ನಾನು.

ಅವಳು ತಿರುಗಿ ನನ್ನ ಮುಖ ನೋಡಿದಳು. ಕಾಕು ಒಲೆಯ ಮುಂದಿನಿಂದಲೇ ನಕ್ಕರು. “ಕೆಟ್ಟಿಲ್ಲವಾ. ಕೂದಲಾ ಕಟ್ಟಿ ಕೊಡ್ತೀಯೇನು ಅಂತ ಕೇಳ್ಲಿಕತ್ತಾಳ. ಇವರು ಕಟ್ಟು ಅನ್ಲಿಕ್ಕೆ ಕೆಟ್ಟ್ ಅಂತಾರ.”

ಕಾಕಾ ಪೇಪರಿನಿಂದ ತಲೆ ಎತ್ತಿದರು. “ನಾನೂ ಹೊಸದಾಗಿ ಬಂದಾಗ ಹಿಂಗ ಆಗಿತ್ತು. ಮರಗೆಣಸಿನ ಕಡ್ಡಿ ಎರಡು ಕೆಟ್ಟ್ ಬಂದಾವ ಸಾರ್ ಅಂದ್ರು. ಕೆಟ್ಟಾವಂತ ತಿಳದು ಒಗಸೇಬಿಟ್ಟೆ. ಎರಡು ಕಟ್ಟು ಅಂತ ಅದರರ್ಥ. ಅಷ್ಟೂ ಛಲೋ ಕಡ್ಡಿ!”

ಅವರು ನಗುತ್ತಿದ್ದರು. ನನ್ನ ಕೈಯಲ್ಲಿ ರಿಬ್ಬನ್ನು ಹಾಗೇ ಇತ್ತು. ಕಿವಿಯಲ್ಲಿ ಲೀಲಾ ಚೇಚಿಯ ದನಿ ಮತ್ತೆ ಕೇಳಿಸಿತು. ಕಟ್ಟು, ಕಟ್ಟು ಎಂದು ಆ ಹೆಂಗಸು ಗಂಟಲು ಹರಿದುಕೊಂಡಿದ್ದರು. ಕಟ್ಟಬೇಕಾದವಳು ನಾನು. ಕಸೆ ಇದ್ದದ್ದು ನನ್ನ ಕೈಯಲ್ಲಿ. ಬಿಟ್ಟವಳು ನಾನು. ಬಿಟ್ಟು, ಅವರ ಹೊಲಿಗೆ ಕೆಟ್ಟದ್ದು ಎಂದು ಊರಿಗೆಲ್ಲ ಸಾರಿದವಳೂ ನಾನೇ.

“ಯಾಕ ವೀಣಾ, ಮಾರಿ ಯಾಕ ಹಿಂಗಾತು?” ಎಂದರು ಕಾಕು.

ಬ್ಲಾಗನ್ನು ಆ ಕ್ಷಣವೇ ಅಳಿಸಿದೆ. ಅಳಿಸಿ ಏನು ಬಂತು? ಅದರ ಚಿತ್ರ ತೆಗೆದುಕೊಂಡು ಹಂಚಿದವರು ಆಗಲೇ ಎಷ್ಟೋ ಜನ. ಷೀಜಾಗೆ ಫೋನು ಮಾಡಿದೆ, ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಒಂದು ಸಂದೇಶ ಬಂತು. ‘ನಿಮ್ಮ ಬರಹ ಓದಿದೆ. ಹೊಲಿಗೆಯಾಕೆಯನ್ನು ಬಾಗಿಲಿಂದ ತೆಗೆದಿದ್ದೇನೆ. ಮಂಗಳವಾರದ ಷೋ ಮುಗಿದ ಮೇಲೆ ಅವರು ನಮ್ಮೊಂದಿಗೆ ಇರುವುದಿಲ್ಲ. ಸಮಾಧಾನವಾಯಿತೇ?’ ನಾನು ಆ ಸಂದೇಶವನ್ನು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ತಪ್ಪು ನನ್ನದು ಎಂಬುದು ಫೋನು ಎತ್ತದವರಿಗೆ ಸಂದೇಶದಲ್ಲಿ ಹೇಳುವ ಮಾತಲ್ಲ, ಎದುರು ನಿಂತೇ ಹೇಳಬೇಕು ಅನಿಸಿತು.

ಅನಘಾ ಶಾಲೆಯಿಂದ ಬಂದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ನಾಳೆ ನನ್ನ ಜೊತೆ ಬಂದು ಲೀಲಾ ಚೇಚಿಗೆ ಮಲಯಾಳದಲ್ಲಿ ಹೇಳಬೇಕು ಎಂದು ಬೇಡಿಕೊಂಡೆ. ಅವಳು ತಲೆಯಾಡಿಸಿದಳು. ಒಂದು ವಾಕ್ಯವನ್ನಾದರೂ ನಾನೇ ಹೇಳಬೇಕೆಂದು ಕಲಿಸಿಕೊಂಡೆ. ‘ಞಾನ್ ಕೆಟ್ಟಿಯಿಲ್ಲ’, ನಾನು ಕಟ್ಟಲಿಲ್ಲ. ಮರುದಿನ ಆಟೊದಲ್ಲಿ ದಾರಿಯುದ್ದಕ್ಕೂ ಅದನ್ನೇ ಗೊಣಗುತ್ತ ಹೋದೆ. ಆಟೊದವರು ಕನ್ನಡಿಯಲ್ಲಿ ಎರಡು ಸಲ ನನ್ನನ್ನು ನೋಡಿದರು. ಕೆಟ್ಟು ಎಂದರೆ ಇಲ್ಲಿ ಮದುವೆಯೂ ಹೌದು ಎಂದು ಅನಘಾ ಆಮೇಲೆ ಹೇಳಿದಳು. ನನಗಿನ್ನೂ ಮದುವೆಯಾಗಿಲ್ಲವೆಂದು ಆ ಮನುಷ್ಯನಿಗೆ ಹದಿನೈದು ಸಲ ಹೇಳಿದ್ದೆನಂತೆ.

ತಿರುವನಂತಪುರ, ಮಂಗಳವಾರ

ಇಲ್ಲಿಯ ಷೋ ಒಂದು ಸಭಾಂಗಣದಲ್ಲಿ. ಅನಘಾಳನ್ನು ಗೇಟಿನಲ್ಲಿ ತಡೆದರು, ಅವಳ ಹೆಸರು ಬರೆಸಿಕೊಂಡು ಬಿಡಬೇಕಿತ್ತು. ನಾನು ತಡೆಯಲಾರದೆ ಪಾಸು ತೋರಿಸಿ ಮುಂದೆ ನಡೆದೆ. ಲೀಲಾ ಚೇಚಿ ಬಾಗಿಲಲ್ಲಿ ಇರಲಿಲ್ಲ. ಒಳಗಿನ ಮೂಲೆಯಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದರು. ಪಕ್ಕದಲ್ಲಿ ಬಾಡಿಗೆಗೆ ತಂದ ಒಡವೆಗಳ ಪೆಟ್ಟಿಗೆಗಳು. ಅವರು ನನ್ನನ್ನು ನೋಡಿದವರೇ ಕಣ್ಣು ತಗ್ಗಿಸಿ ಇಸ್ತ್ರಿ ಒತ್ತತೊಡಗಿದರು. ನನಗೆ ದುಃಖ ಉಕ್ಕಿ ಬಂತು. ಕಲಿತದ್ದೆಲ್ಲ ಕಲಸಿಹೋಯಿತು. ಓಡಿ ಹೋಗಿ ಅವರ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದೆ.

“ಚೇಚಿ, ಞಾನ್ ಕಟ್ಟಿಲ್ಲ! ಞಾನ್ ಕಟ್ಟಿಲ್ಲ!”

ಒಂದು ಏತ್ವ ಬಿಟ್ಟುಹೋಗಿ ಬರೀ ತಲಕಟ್ಟು ಉಳಿದಿತ್ತು, ನಡುವಿನ ‘ಯಿ’ ಜಾರಿಹೋಗಿತ್ತು. ಅಷ್ಟೇ. ತಲೆಗೆ ಬಣ್ಣ ಹಚ್ಚುತ್ತಿದ್ದವರ ಕೈ ಹಾಗೇ ನಿಂತಿತು. ಒಬ್ಬಾಕೆ ಓಡಿ ಬಂದು ಒಡವೆ ಪೆಟ್ಟಿಗೆಗಳನ್ನು ತೆರೆದು ತೆರೆದು ನೋಡತೊಡಗಿದಳು.

“ಎಂತಾ ಕಟ್ಟತ್?” ಎಂದು ಕಾವಲಿನ ಹೆಂಗಸು ನನ್ನ ಮುಂದೆ ಬಂದು ನಿಂತಳು.

ಕಟ್ಟದೇ ಇದ್ದದ್ದು ಏನು ಎಂದು ಕೇಳುತ್ತಿದ್ದಾಳೆ ಅಂದುಕೊಂಡೆ. “ಉಡುಪ್ಪ್! ಉಡುಪ್ಪ್!” ಎಂದೆ.

ಅವಳು ನನ್ನ ಕೈಚೀಲ ಕಿತ್ತುಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು. ಕಾಕು ಕಟ್ಟಿಕೊಟ್ಟ ಚಕ್ಕುಲಿ, ಬಾಚಣಿಗೆ, ಚಾರ್ಜರ್, ಕೊನೆಗೆ ಝಣ್ಣೆಂದು ಬಿತ್ತು ಲೀಲಾ ಚೇಚಿಯ ಸೇಫ್ಟಿ ಪಿನ್ನಿನ ಸರ. ಕೊಚ್ಚಿಯಲ್ಲಿ ಕೊರಳಿಂದ ತೆಗೆದು ಚೀಲಕ್ಕೆ ಹಾಕಿಕೊಂಡವಳು ಮರಳಿ ಕೊಡುವುದನ್ನೇ ಮರೆತಿದ್ದೆ. ಎಲ್ಲರೂ ಸರವನ್ನು ನೋಡಿದರು, ಆಮೇಲೆ ನನ್ನನ್ನು. ಯಾಕೆ ಹಾಗೆ ನೋಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಸದ್ದು ಕೇಳಿ ಷೀಜಾ ಬಂದರು. ಅವರ ಬೆನ್ನಿಗೇ ಅನಘಾ ಓಡಿ ಬಂದಳು.

ಯಾರೋ ಅವಳಿಗೆ ವಿಷಯ ಹೇಳಿದರು. ಅನಘಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ನಿಂತು, ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಕೇಳದಿದ್ದ ಕನ್ನಡದಲ್ಲಿ, ಅಲ್ಲಿ ನನಗೊಬ್ಬಳಿಗೇ ತಿಳಿಯುವ ಹಾಗೆ ಹೇಳಿದಳು.

“ಅಕ್ಕಾ, ಕಟ್ಟಿಲ್ಲ ಅಂದ್ರ ಇಲ್ಲೆ ಕದ್ದಿಲ್ಲ ಅಂತ. ನೀ ಕದ್ದಿಲ್ಲ ಕದ್ದಿಲ್ಲ ಅಂತ ಒದರೀದಿ.” ಆಮೇಲೆ ದನಿ ತಗ್ಗಿಸಿದಳು. “ಈಗ ನಾ ಏನ್ ಹೇಳ್ಲಿ? ಭಾಷಾ ಬರಂಗಿಲ್ಲ, ತಪ್ಪು ತಿಳಕೊಬ್ಯಾಡ್ರಿ ಅಂತಷ್ಟ ಹೇಳಿದ್ರ ಮುಗೀತದ. ಎಲ್ಲಾ ಹೇಳ್ಲೋ, ಅರ್ಧಾ ಹೇಳ್ಲೋ?”

ಅರ್ಧ ಸಾಕಿತ್ತು. ಅರ್ಧ ಹೇಳಿದ್ದರೆ ಎಲ್ಲರೂ ನಕ್ಕು, ಚಹಾ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಒಂದು ಗಳಿಗೆ ನಾನು ಹಿಂದೆಮುಂದೆ ನೋಡಿದ್ದು ನಿಜ. ಲೀಲಾ ಚೇಚಿಯ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ಇಸ್ತ್ರಿಯ ಬಿಸಿ ಅದರಲ್ಲಿತ್ತು.

“ಎಲ್ಲಾ ಹೇಳು” ಎಂದೆ.

ಅನಘಾ ಹೇಳಿದಳು. ಕಸೆ, ಕೂಗು, ನಾನು ಕೈ ಬಿಟ್ಟದ್ದು, ರೈಲಿನಲ್ಲಿ ಬರೆದದ್ದು. ಮೊದಲು ಒಂದಿಬ್ಬರು ನಕ್ಕರು, ಆಮೇಲೆ ನಗು ನಿಂತಿತು. ನಿಮ್ಮಿ ನನ್ನನ್ನು ದಿಟ್ಟಿಸಿ ನೋಡಿ ಮುಖ ತಿರುಗಿಸಿದಳು. ಷೀಜಾ ಗೋಡೆಗೆ ಒರಗಿ ನಿಂತರು. ಲೀಲಾ ಚೇಚಿಯ ಮುಖದಲ್ಲಿ ಮಾತ್ರ ಆಶ್ಚರ್ಯವೇ ಇರಲಿಲ್ಲ. ಮೆಲ್ಲಗೆ ಒಂದು ಮಾತು ಹೇಳಿದರು.

“ಅವರಿಗೆ ಗೊತ್ತಿತ್ತಂತ” ಎಂದಳು ಅನಘಾ. “ನೀ ಕೈ ಬಿಟ್ಟಿದ್ದು ನೋಡ್ಯಾರಂತ.”

“ಮತ್ತ ಅವತ್ತ ಯಾಕ ಹೇಳಲಿಲ್ಲ? ಕೇಳು ಅವರನ್ನ.”

ಇದಕ್ಕೆ ಅನುವಾದ ಬೇಕಾಗಲಿಲ್ಲ. ಲೀಲಾ ಚೇಚಿ ನನ್ನ ಕಡೆಯೇ ನೋಡಿ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. “ಮೋಳ್ ಎಳುತುನ್ನ ಆಳಲ್ಲೇ.”

ಮಗಳೇ, ನೀನು ಬರೆಯುವವಳಲ್ಲವೇ. ಉಳಿದದ್ದನ್ನು ಅನಘಾ ತಿಳಿಸಿದಳು. ಕೈ ಬಿಟ್ಟವಳು ನಾನೆಂದು ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಷೀಜಾಳ ಎಲ್ಲ ಉಡುಪುಗಳನ್ನೂ ಕೆಟ್ಟದ್ದೆಂದು ಬರೆದುಬಿಡುತ್ತೇನೆ ಎಂದು ಹೆದರಿದ್ದರಂತೆ. ತಪ್ಪು ತಮ್ಮೊಬ್ಬರ ಮೇಲೆ ಹೋದರೆ ಹೋಗಲಿ ಎಂದು ಸುಮ್ಮನಿದ್ದರಂತೆ. ಆರು ವರ್ಷದಲ್ಲಿ ನನ್ನ ಬರಹಕ್ಕೆ ಯಾರಾದರೂ ಹೆದರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಳ್ಳಿ ಎಂದು ಚೀಲ ಬೋರಲು ಹಾಕಿದಾಗಲೂ ನಾನು ಇಷ್ಟು ನಾಚಿರಲಿಲ್ಲ.

ಷೀಜಾ ಬಂದು ಮೇಜಿನ ಮೇಲಿನ ಪಿನ್ನಿನ ಸರ ಎತ್ತಿ ಲೀಲಾ ಚೇಚಿಯ ಕೊರಳಿಗೆ ಹಾಕಿದರು. ರ‍್ಯಾಂಪಿನ ಬಾಗಿಲ ಕಡೆ ಕೈ ತೋರಿಸಿದರು. ಲೀಲಾ ಚೇಚಿ ಇಸ್ತ್ರಿಯ ಸ್ವಿಚ್ಚು ಆರಿಸಿ, ಕನ್ನಡಕ ಒರೆಸಿಕೊಂಡು ನಡೆದರು. ಆಮೇಲೆ ಷೀಜಾ ನನ್ನ ಕೊರಳಿನ ಪಾಸನ್ನು ತೆಗೆದುಕೊಂಡರು. “ನೀವು ಹೊರಗಿನಿಂದ ನೋಡಿ” ಎಂದರು ಇಂಗ್ಲಿಷಿನಲ್ಲಿ. ನಾನು ಮೇಜಿನ ಮೇಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಗೆ ನಡೆದೆ.

ಸಭಾಂಗಣದ ಹಿಂದಿನ ಗೋಡೆಗೆ ಒರಗಿ, ಅನಘಾಳ ಜೊತೆ ಚಕ್ಕುಲಿ ತಿನ್ನದೆ ಕೈಯಲ್ಲಿ ಹಿಡಿದುಕೊಂಡು ನಿಂತು ನೋಡಿದೆ. ಕೊನೆಗೆ ನಿಮ್ಮಿ ಬಂದಳು. ಜನ ಜರಿಯನ್ನು ನೋಡಿರಬೇಕು, ನಡಿಗೆಯನ್ನು ನೋಡಿರಬೇಕು. ನಾನು ಅವಳು ತಿರುಗುವುದನ್ನೇ ಕಾಯುತ್ತಿದ್ದೆ. ತಿರುಗಿದಳು. ಬೆನ್ನಿನ ನಡುವೆ ಕಸೆ ಬಿಗಿಯಾಗಿ, ಎರಡು ಕುಣಿಕೆ ಹಾಕಿ ಕಟ್ಟಿತ್ತು. ಬಾಗಿಲ ತೆರೆಯ ಸಂದಿನಲ್ಲಿ ಒಂದು ಕನ್ನಡಕ ಮಿಂಚಿತು. ಲೀಲಾ ಚೇಚಿ ತಾವು ಹೊಲಿದದ್ದು ನಡೆದು ಹೋಗುವುದನ್ನು ನೋಡುತ್ತಿದ್ದರು.

ಧಾರವಾಡ

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇದು ರೈಲಿನಲ್ಲಿ ಬರೆದದ್ದರಷ್ಟು ಓಡುವುದಿಲ್ಲವೆಂದು ನನಗೆ ಗೊತ್ತು. ಕೊಚ್ಚಿಯಲ್ಲಿ ಜನ ಫೋನಿನಲ್ಲಿ ತೆಗೆದು ಹಂಚಿದ ವಿಡಿಯೊದ ಕೆಳಗೆ ಇಂದಿಗೂ ನನ್ನ ಆ ಸಾಲನ್ನು ಅಂಟಿಸಿದವರಿದ್ದಾರೆ. ಒಬ್ಬೊಬ್ಬರಿಗೂ ಬರೆದು ತೆಗೆಯಿರಿ ಎಂದು ಕೇಳುತ್ತಿದ್ದೇನೆ. ಕೆಲವರು ತೆಗೆದಿದ್ದಾರೆ, ಕೆಲವರು ನಗುವ ಮುಖ ಕಳಿಸಿದ್ದಾರೆ. ಅದನ್ನು ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮಗೆ ಹೇಳಬೇಕಾದದ್ದು ಇಷ್ಟು. ಕೊಚ್ಚಿಯಲ್ಲಿ ಹೊಲಿಗೆ ಕೆಟ್ಟಿರಲಿಲ್ಲ. ನಾನು ಕಟ್ಟಿರಲಿಲ್ಲ.